ಹನಾದಿಯೂ ಅಬೂ ಘಾಲಿಬರ ಬಲಗೈಯೂ

ಅರಬ್ ಸೀಮೆಯ ಕರಕ್ ಊರಿನ ಕಡೆಯ ಆ ಸರ್ಕಾರಿ ಆಸ್ಪತ್ರೆಯಲ್ಲಿ ಹನಾದಿಯ ಕೋಣೆ ಹುಡುಕುವುದು ಸುಲಭ. ನೆಲಮಾಳಿಗೆಗೆ ಇಳಿಯಬೇಕು, ಮುರಿದ ಗಾಲಿಕುರ್ಚಿಗಳ ರಾಶಿ ದಾಟಬೇಕು, ಬಟ್ಟೆ ಒಗೆಯುವ ಯಂತ್ರದ ಸದ್ದು ಎಲ್ಲಿ ಜೋರಾಗುತ್ತದೋ ಅಲ್ಲಿ ಎಡಕ್ಕೆ ತಿರುಗಬೇಕು. ಬಾಗಿಲಿಗೆ ನಾಮಫಲಕ ಇಲ್ಲ. ನಾಮಫಲಕ ಬೇಕೆಂದು ಅವಳು ಬರೆದ ಅರ್ಜಿ ಎರಡು ವರ್ಷದಿಂದ ಮೇಲಿನ ಮಹಡಿಯಲ್ಲಿ ಆರಾಮವಾಗಿ ಮಲಗಿದೆ. ಒಳಗೆ ಒಂದು ಮೇಜು, ನಾಲ್ಕು ಕುರ್ಚಿ, ಒಂದು ಡಬ್ಬಿ ತುಂಬ ಕಡಲೆಕಾಳು, ಬಟ್ಟೆ ಒಣಹಾಕುವ ಕ್ಲಿಪ್ಪುಗಳು, ದೊಡ್ಡ ದೊಡ್ಡ ಗುಂಡಿ ಹೊಲಿದ ಹಳೇ ಅಂಗಿ, ಬೀಗ ಚಿಲಕ ಜಡಿದ ಒಂದು ಮರದ ಹಲಗೆ. ಮೊದಲ ಸಲ ಬಂದವರು ಇದನ್ನೆಲ್ಲ ನೋಡಿ, ಯಾರೋ ಮನೆ ಖಾಲಿ ಮಾಡುವಾಗ ಸಾಮಾನು ಇಲ್ಲಿ ಇಟ್ಟುಹೋಗಿದ್ದಾರೆ ಎಂದುಕೊಳ್ಳುತ್ತಾರೆ.

ಹನಾದಿ ಆಕ್ಯುಪೇಷನಲ್ ಥೆರಪಿಸ್ಟ್. ಆ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಕೆಲವು ರೋಗಿಗಳಿಗೆ ಅರ್ಧ ಗುಣವಾಗಿರುತ್ತದೆ. ಪಾರ್ಶ್ವವಾಯು ಹೊಡೆದವರು, ಕೈ ಮುರಿದುಕೊಂಡವರು, ಹುಟ್ಟಿನಿಂದಲೇ ಬೆರಳು ಮಾತು ಕೇಳದ ಮಕ್ಕಳು, ಇವರೆಲ್ಲ ತಮ್ಮ ದಿನದ ಕೆಲಸ ತಾವೇ ಮಾಡಿಕೊಳ್ಳುವ ಹಾಗೆ ಮಾಡುವುದು ಅವಳ ಕಸುಬು. ಬಿದ್ದವರನ್ನು ಎಬ್ಬಿಸಿ ನಡೆಸುವವರು ಮೇಲಿನ ಮಹಡಿಯ ಫಿಸಿಯೋಥೆರಪಿಯವರು. ಅವರಿಗೆ ಕಿಟಕಿ ಇದೆ. ಎದ್ದು ನಡೆದು ಹೋದಮೇಲೆ ಚಡ್ಡಿಯ ಲಾಡಿ ಯಾರು ಕಟ್ಟಬೇಕು ಅನ್ನುವುದು ಹನಾದಿಯ ಖಾತೆ. ಬಂದವರಲ್ಲಿ ಅರ್ಧ ಜನ ಮಸಾಜು ಕೇಳುತ್ತಾರೆ, ಉಳಿದರ್ಧ ಜನ ರಕ್ತದೊತ್ತಡ ನೋಡು ಅನ್ನುತ್ತಾರೆ. ಒಬ್ಬಾಕೆಯಂತೂ ಕಡಲೆಕಾಳಿನ ಡಬ್ಬಿ ನೋಡಿ, ನೆನೆಹಾಕಿದ್ದು ಸಾಲದು ಎಂದು ಸಲಹೆ ಕೊಟ್ಟು ಹೋಗಿದ್ದಳು.

ಈ ಕಸುಬಿಗೆ ಸೇರುವ ದಾರಿ ಯಾವುದು ಎಂದು ಯಾರಾದರೂ ಕೇಳಿದರೆ ಹನಾದಿ ತಾನು ಬಂದ ದಾರಿಯನ್ನೇ ಹೇಳುತ್ತಾಳೆ. ಮೊದಲು, ಶಾಲೆ ಮುಗಿಸುವ ತೌಜೀಹಿ ಪರೀಕ್ಷೆಯಲ್ಲಿ ವೈದ್ಯಕೀಯಕ್ಕೆ ಸಾಲದಷ್ಟು, ಆದರೆ ಮನೆಯವರು ಆಸೆ ಬಿಡಲಾರದಷ್ಟು ಅಂಕ ತೆಗೆಯಬೇಕು. ಅವಳದು ಎಂಬತ್ತಾರು ಚಿಲ್ಲರೆ. ಸೈನ್ಯದಲ್ಲಿ ಹವಾಲ್ದಾರನಾಗಿ ನಿವೃತ್ತನಾದ ಅಪ್ಪ, ಸೀಟಿನ ಅರ್ಜಿಯಲ್ಲಿ ವೈದ್ಯಕೀಯ, ದಂತವೈದ್ಯ, ಫಾರ್ಮಸಿ ಎಂದು ಕ್ರಮವಾಗಿ ಬರೆಸಿ, ಉಳಿದ ಖಾನೆಗಳನ್ನು ಖಾಲಿ ಬಿಡಬಾರದೆಂದು ಕೈಗೆ ಸಿಕ್ಕಿದ್ದನ್ನು ತುಂಬಿಸಿದ. ಹನ್ನೊಂದನೆಯ ಖಾನೆಗೆ ಸಿಕ್ಕಿದ್ದು ಇದು. ವಿಶ್ವವಿದ್ಯಾಲಯ ಅಷ್ಟು ಖಾನೆ ದಾಟಿ ಬಂದು ಇದನ್ನೇ ಅವಳ ಕೊರಳಿಗೆ ಕಟ್ಟಿತು. ಮನೆಗೆ ಕುನಾಫ ಸಿಹಿ ತಂದಿದ್ದ ನೆಂಟರು ಹೆಸರು ಕೇಳಿ ತಟ್ಟೆಯಿಂದ ಕೈ ಹಿಂದಕ್ಕೆ ತೆಗೆದರು. ಅತ್ತೆಯೊಬ್ಬಳು ಮಾತ್ರ ಧೈರ್ಯ ಮಾಡಿ, ಕೊನೆಗೆ ಬಿಳಿ ಕೋಟು ಹಾಕುತ್ತಾರಾ ಎಂದು ಕೇಳಿದಳು. ಹಾಕುತ್ತಾರೆ ಎಂದು ಗೊತ್ತಾದ ಮೇಲೆ ಎಲ್ಲರೂ ತಟ್ಟೆಗೆ ಕೈ ಹಾಕಿದರು.

ಆಮೇಲೆ ನಾಲ್ಕು ವರ್ಷ ಓದು. ಹೆಣದ ಕೈಯಲ್ಲಿ ನರ ಹುಡುಕುವುದು, ಬಿಸಿನೀರಲ್ಲಿ ಮೆತ್ತಗಾಗುವ ಪ್ಲಾಸ್ಟಿಕ್ಕನ್ನು ಕೈಗೆ ಹೊಂದುವಂತೆ ಅಚ್ಚು ತೆಗೆಯುವುದು, ಮಗು ಯಾವ ತಿಂಗಳಲ್ಲಿ ಏನನ್ನು ಹಿಡಿಯುತ್ತದೆ ಎಂದು ಬಾಯಿಪಾಠ ಮಾಡುವುದು. ಒಂದು ಇಡೀ ವರ್ಷ, ಮನುಷ್ಯ ಕಣ್ಣು ಮುಚ್ಚಿಕೊಂಡು ಮಾಡುವ ಕೆಲಸಗಳನ್ನು ಹಂತ ಹಂತವಾಗಿ ಬಿಡಿಸಿ ಬರೆಯುವುದು. ಹಲ್ಲುಜ್ಜುವುದರಲ್ಲಿ ಇಪ್ಪತ್ತೆಂಟು ಹಂತ ಇವೆಯೆಂದು ಅವಳು ಮನೆಗೆ ಬಂದು ಹೇಳಿದ ದಿನ ಅಪ್ಪ ಎದ್ದು ಹೊರಗೆ ಹೋಗಿ ಸಿಗರೇಟು ಹಚ್ಚಿದ. ನಂತರ ಆಸ್ಪತ್ರೆಗಳಲ್ಲಿ ತರಬೇತಿ, ಸರ್ಕಾರದ ಪರೀಕ್ಷೆ, ಪರವಾನಗಿ. ಕೊನೆಗೆ ಸರ್ಕಾರಿ ನೌಕರಿಯ ಸರದಿ. ಹೆಸರು ಬರೆಸಿ ಆರು ವರ್ಷ ಕಾದದ್ದಾಯಿತು. ಅಷ್ಟರಲ್ಲಿ ಅವಳಿಗೆ ಬಂದ ಮೂರು ಸಂಬಂಧಗಳಲ್ಲಿ ಎರಡು, ಹುಡುಗಿ ಏನು ಕೆಲಸ ಮಾಡುತ್ತಾಳೆ ಅನ್ನುವ ಪ್ರಶ್ನೆಯ ಹತ್ತಿರವೇ ಮುರಿದುಬಿದ್ದವು. ಮೂರನೆಯದು ಮದುವೆಯಾಯಿತು. ಗಂಡನಿಗೂ ಇವತ್ತಿನವರೆಗೆ ಪೂರ್ತಿ ತಿಳಿದಿಲ್ಲ, ಆದರೆ ಅವನು ಕೇಳುವುದಿಲ್ಲ. ಹನಾದಿಯ ಪ್ರಕಾರ ಅದು ಒಳ್ಳೆಯ ಗಂಡನ ಲಕ್ಷಣ.

ಅಂಥ ಕೋಣೆಗೆ ಒಂದು ದಿನ ಅಬೂ ಘಾಲಿಬ್ ಬಂದರು. ಬಂದರು ಅನ್ನುವುದಕ್ಕಿಂತ ತರಲಾಯಿತು ಅನ್ನಬೇಕು. ಹಿಂದೆ ಮುಂದೆ ಐದು ಜನ ಗಂಡುಮಕ್ಕಳು. ಸುತ್ತಿನ ಊರುಗಳಲ್ಲಿ ಯಾರ ಮನೆಗೆ ಹೆಣ್ಣು ಕೇಳಲು ಹೋಗಬೇಕಾದರೂ, ಯಾವ ಎರಡು ಮನೆತನಗಳ ನಡುವೆ ರಕ್ತ ಹರಿದು ರಾಜಿಯಾಗಬೇಕಾದರೂ, ಹಿರಿಯರ ದಂಡು ಕಟ್ಟಿಕೊಂಡು ಹೋಗುತ್ತಾರೆ. ಆ ದಂಡಿಗೆ ಜಾಹಾ ಎನ್ನುತ್ತಾರೆ. ನಲವತ್ತು ವರ್ಷದಿಂದ ಅದರ ಮುಂದಾಳು ಎಂದರೆ ಅಬೂ ಘಾಲಿಬ್. ಚಳಿಗಾಲದಲ್ಲಿ ಪಾರ್ಶ್ವವಾಯು ಬಡಿದು ಬಲಭಾಗ ಬಿದ್ದಿತ್ತು. ಮಾತು ತಿಂಗಳಲ್ಲಿ ವಾಪಸು ಬಂತು, ಕಾಲು ಕೋಲಿನ ಆಸರೆಯಲ್ಲಿ ಬಂತು. ಬಲಗೈ ಮಾತ್ರ ಯಾರದೋ ಮಗುವನ್ನು ತಂದು ಕೂರಿಸಿದ ಹಾಗೆ ತೊಡೆಯ ಮೇಲೆ ಕೂತಿತ್ತು.

ಕೈಯಲ್ಲಿ ಜೀವವಿತ್ತು. ಹನಾದಿ ಮೊದಲ ದಿನವೇ ಅದನ್ನು ಕಂಡಳು. ಹೆಬ್ಬೆರಳು ಅಲುಗುತ್ತಿತ್ತು, ಹಿಡಿತ ಕೊಂಚ ಇತ್ತು. ಆದರೆ ಆ ಕೈಗೆ ಕೆಲಸವೇ ಇರಲಿಲ್ಲ. ಯಾರ ಹೆಸರಿನಿಂದ ಊರು ಅಪ್ಪನನ್ನು ಕರೆಯುತ್ತದೋ ಆ ಹಿರಿಯ ಮಗ ಘಾಲಿಬ್ ತುತ್ತು ಮಾಡಿ ಬಾಯಿಗಿಡುತ್ತಿದ್ದ. ಎರಡನೆಯವನು ಬಾಯಿ ಒರೆಸುತ್ತಿದ್ದ. ಮೂರನೆಯವನು ಗುಂಡಿ ಹಾಕುತ್ತಿದ್ದ. ನಾಲ್ಕನೆಯವನು ಸೂರ್ಯಕಾಂತಿ ಬೀಜ ಸುಲಿದು ಒಂದೊಂದಾಗಿ ಕೊಡುತ್ತಿದ್ದ. ಕೊನೆಯವನಾದ ಔನ್ ಪಾಪ, ತನಗೆ ಏನೂ ಉಳಿಯದೆ ಕಾರು ಓಡಿಸುತ್ತಿದ್ದ. ಮಸೀದಿಯ ಮುಂದೆ, ರೊಟ್ಟಿ ಅಂಗಡಿಯ ಮುಂದೆ ಜನ ಇವರನ್ನು ತೋರಿಸಿ, ಮಕ್ಕಳೆಂದರೆ ಹೀಗಿರಬೇಕು ಅನ್ನುತ್ತಿದ್ದರು. ಅಪ್ಪನ ಕೈ ಸೊರಗಿದಷ್ಟೂ ಮಕ್ಕಳ ಹೆಸರು ದಪ್ಪವಾಗುತ್ತಿತ್ತು. ಹನಾದಿ ಇದನ್ನು ಎಷ್ಟು ಮನೆಗಳಲ್ಲಿ ಕಂಡಿದ್ದಳೆಂದರೆ, ರೋಗಿಗೆ ಮಕ್ಕಳೆಷ್ಟು ಎಂದು ಕೇಳಿಯೇ ಕೈ ಬರಲು ಎಷ್ಟು ತಡವಾಗುತ್ತದೆ ಎಂದು ಲೆಕ್ಕ ಹಾಕುತ್ತಿದ್ದಳು.

ಆದರೆ ಮೊದಲ ತಪ್ಪು ಮಕ್ಕಳದಲ್ಲ, ಅವಳದೇ.

ಆಸ್ಪತ್ರೆಯಲ್ಲಿ ಒಂದು ನಮೂನೆ ಇದೆ. ಎಲ್ಲೋ ದೂರದ ತಣ್ಣನೆಯ ದೇಶದಲ್ಲಿ ಹುಟ್ಟಿ, ಅರಬ್ಬಿಗೆ ಅನುವಾದಗೊಂಡು, ಪ್ರತಿಯ ಪ್ರತಿಯ ಪ್ರತಿಯಾಗಿ ನೆಲಮಾಳಿಗೆಗೆ ಬಂದದ್ದು. ರೋಗಿ ಮುಳ್ಳುಚಮಚ, ಚಾಕು ಹಿಡಿದು ಮಾಂಸ ಕತ್ತರಿಸಬಲ್ಲನೇ, ನಾಯಿಯನ್ನು ಸುತ್ತಾಡಿಸಿಕೊಂಡು ಬರಬಲ್ಲನೇ ಎಂದೆಲ್ಲ ಕೇಳುತ್ತದೆ. ತಟ್ಟೆಯ ಸುತ್ತ ಕೂತು ಬರಿಗೈಯಲ್ಲಿ ಮನ್ಸಫ್ ಎಂಬ ಮಾಂಸದ ಅನ್ನ ಉಂಡೆ ಕಟ್ಟಿ ತಿನ್ನುವ ಜನ ಇಂಥ ಪ್ರಶ್ನೆಗೆ ಇಲ್ಲ ಎಂದು ಗುರುತು ಹಾಕಿಸಿಕೊಂಡು ಸುಮ್ಮನಾಗುತ್ತಾರೆ. ಅದರಲ್ಲಿ ಒಂದು ಪ್ರಶ್ನೆ: ಬಟ್ಟಲಿನಿಂದ ಕುಡಿಯಬಲ್ಲರೇ? ಕೆಳಗೆ ಸಣ್ಣಕ್ಷರದಲ್ಲಿ, ಯಾವ ಕೈಯಾದರೂ ಸರಿ. ಹನಾದಿ ಪುಸ್ತಕದಲ್ಲಿ ಓದಿದಂತೆ, ಚೆನ್ನಾಗಿರುವ ಕೈಯನ್ನು ಮೊದಲು ದುಡಿಸಬೇಕೆಂದು ಮೂರು ವಾರ ಎಡಗೈ ಕಲಿಸಿದಳು. ಅಬೂ ಘಾಲಿಬ್ ಒಂದು ಮಾತೂ ಆಡದೆ ಕಲಿತರು. ಎಡಗೈಯಲ್ಲಿ ನೀರು ಕುಡಿದು ತೋರಿಸಿದರು. ಪೂರ್ತಿ ಅಂಕ ಬಂತು. ಆಸ್ಪತ್ರೆಯ ನಿರ್ದೇಶಕರು ಖುಷಿಯಿಂದ ಕಡತ ಮುಚ್ಚಲು ಸಹಿ ಹಾಕಿದರು.

ಮರುದಿನ ಉಮ್ ಘಾಲಿಬ್, ಅಂದರೆ ಅವರ ಹೆಂಡತಿ, ಒಬ್ಬರೇ ನೆಲಮಾಳಿಗೆಗೆ ಇಳಿದು ಬಂದರು. ಕೂರಲಿಲ್ಲ.

"ತಾಯಿ, ನೀನು ಈ ಊರಿನ ಹುಡುಗಿ ತಾನೇ?" ಎಂದು ಕೇಳಿದರು. "ನಿಮ್ಮಪ್ಪ ನನಗೆ ಗೊತ್ತು. ಎಡಗೈಲಿ ಕುಡಿಯೋದು ಕಲಿಸಿದೀಯಂತೆ. ಪಾಯಿಖಾನೆಗೆ ಹೋದಾಗ ಆ ಕೈಗೆ ಏನು ಕೆಲಸ ಅಂತ ನಿಮ್ಮ ಕಾಲೇಜಲ್ಲಿ ಹೇಳಿಕೊಡಲಿಲ್ವಾ?"

ಹನಾದಿಗೆ ಮುಖ ಎತ್ತಲಾಗಲಿಲ್ಲ. ಎರಡು ವರ್ಷದವಳಿದ್ದಾಗ ಎಡಗೈಯಲ್ಲಿ ರೊಟ್ಟಿ ಹಿಡಿದಳೆಂದು ಅಜ್ಜಿಯಿಂದ ಏಟು ತಿಂದವಳು ಅವಳು. ಎರಡು ವರ್ಷದ ಮಗುವಿಗೆ ಗೊತ್ತಿದ್ದದ್ದನ್ನು ಮರೆಸಲು ನಾಲ್ಕು ವರ್ಷದ ಓದು ಮತ್ತು ಒಂದು ಪರವಾನಗಿ ಬೇಕಾಗಿತ್ತು. ಉಮ್ ಘಾಲಿಬ್ ಉಳಿದದ್ದನ್ನೂ ಹೇಳಿದರು. ಮನೆಯಲ್ಲಿ ಆ ಎಡಗೈ ಒಂದು ಸಲವೂ ಬಾಯಿಯ ಹತ್ತಿರ ಹೋಗಿಲ್ಲ. ಇನ್ನು ಎಂಟು ವಾರಕ್ಕೆ ಔನ್‌ಗೆ ಹೆಣ್ಣು ಕೇಳಲು ಜಾಹಾ ಹೋಗಬೇಕು. ಅಪ್ಪನಿಗೆ ಕಷ್ಟ ಕೊಡಬಾರದೆಂದು ಘಾಲಿಬ್ ಯಾರೋ ಮಾಜಿ ಮಂತ್ರಿಯನ್ನು ಮುಂದಾಳಾಗಿ ಗೊತ್ತು ಮಾಡಿದ್ದಾನೆ. ಆ ಮಂತ್ರಿಗೆ ಔನ್‌ನ ಹೆಸರೂ ಗೊತ್ತಿಲ್ಲ, ಚೀಟಿಯಲ್ಲಿ ಬರೆದುಕೊಡಬೇಕು.

ಜಾಹಾದ ಮುಂದಾಳಿನ ಕೆಲಸ ನೋಡುವವರಿಗೆ ಏನೂ ಅಲ್ಲ. ಹುಡುಗಿಯ ಮನೆಯಲ್ಲಿ ಕಾಫಿಯವನು ಮೊದಲ ಬಟ್ಟಲು ಅವರಿಗೆ ಕೊಡುತ್ತಾನೆ. ಹಿಡಿ ಇಲ್ಲದ, ಮೂರು ಬೆರಳಿಗೆ ಸಾಲುವ ಪುಟ್ಟ ಬಟ್ಟಲು. ಅದನ್ನು ಬಲಗೈಯಲ್ಲಿ ತೆಗೆದುಕೊಂಡು, ಕುಡಿಯದೆ ಮುಂದಿಟ್ಟು, ನಾವು ಕೇಳಿ ಬಂದದ್ದು ಸಿಗುವ ತನಕ ಕುಡಿಯುವುದಿಲ್ಲ ಎಂದು ಹೇಳಬೇಕು. ಹುಡುಗಿಯ ಕಡೆಯ ಹಿರಿಯರು ಒಪ್ಪಿ, ಕಾಫಿ ಕುಡಿಯಿರಿ ಅಂದಮೇಲೆ ಎತ್ತಿ ಕುಡಿಯಬೇಕು. ನಲವತ್ತು ವರ್ಷ ಬೇರೆಯವರ ಮಕ್ಕಳಿಗೆ ಇದನ್ನು ಮಾಡಿದ ಮನುಷ್ಯ ತನ್ನ ಕೊನೆಯ ಮಗನಿಗೆ ಮಾಡಲಾರದೆ ಮಂತ್ರಿಯ ಪಕ್ಕ ಕೂರಬೇಕಾಗಿತ್ತು.

ಹನಾದಿ ಅಂದೇ ಅವರ ಮನೆಗೆ ಹೋಗಿ ಅಬೂ ಘಾಲಿಬರನ್ನು ಕೇಳಿದಳು, ನಿಮಗೆ ಏನು ಬೇಕು ಎಂದು. ಈ ಪ್ರಶ್ನೆಯನ್ನು ಮೊದಲ ದಿನವೇ ಕೇಳಬೇಕೆಂದು ಪುಸ್ತಕದಲ್ಲಿ ಇದೆ. ಅವಳು ಮೊದಲ ದಿನ ನಮೂನೆ ತುಂಬುತ್ತಿದ್ದಳು.

"ಆ ಬಟ್ಟಲು ಬೇಕು, ಮಗಳೇ," ಅಂದರು ಮುದುಕ. "ಬೇರೇನೂ ಬೇಡ. ಗುಂಡಿ ಬೇಕಾದ್ರೆ ಮಕ್ಕಳೇ ಹಾಕಲಿ."

ನಿರ್ದೇಶಕರ ಕೋಣೆಗೆ ಅವಳು ಕಡತ ತೆರೆಸಲು ಹೋದಾಗ, ನಿನ್ನೆ ಪೂರ್ತಿ ಅಂಕ ಪಡೆದ ರೋಗಿ ಇಂದು ಸೊನ್ನೆಗೆ ಬಂದದ್ದು ಹೇಗೆ ಎಂದು ಅವರು ಕಡತವನ್ನು ಹಿಂದೆ ಮುಂದೆ ತಿರುವಿ ನೋಡಿದರು. ನಾನು ತಪ್ಪು ಪ್ರಶ್ನೆ ಕೇಳಿದ್ದೆ ಎಂದು ಹನಾದಿ ಹೇಳಿದಳು. ನಮೂನೆಯಲ್ಲಿರುವ ಪ್ರಶ್ನೆ ತಪ್ಪಾಗಲು ಸಾಧ್ಯವೇ ಇಲ್ಲ ಎಂದು ಅವರು ನಂಬಿದ್ದರು. ಕೊನೆಗೆ, ತಮ್ಮ ಸ್ವಂತ ಮದುವೆಗೆ ಹೆಣ್ಣು ಕೇಳಲು ಹೋದ ಜಾಹಾದ ಮುಂದಾಳು ಯಾರೆಂದು ನೆನಪಾಗಿ, ಎಂಟು ವಾರ ಕೊಟ್ಟರು.

ಹನಾದಿ ಬಟ್ಟಲಿನ ಕೆಲಸವನ್ನು ಮೂವತ್ತೊಂದು ಹಂತವಾಗಿ ಬರೆದಳು. ಮೈ ಮುಂದೆ ಬಾಗಬೇಕು, ಮೊಣಕೈ ಪಕ್ಕೆಯಿಂದ ಬಿಡಬೇಕು, ಮಣಿಕಟ್ಟು ಮೇಲೇಳಬೇಕು, ಬೆರಳು ಬಿಚ್ಚಬೇಕು. ಬೆರಳು ಮುಚ್ಚುವುದು ಸುಲಭ, ಈ ರೋಗದಲ್ಲಿ ಬಿಚ್ಚುವುದೇ ಕಷ್ಟ. ಮಣಿಕಟ್ಟಿಗೆ ಪ್ಲಾಸ್ಟಿಕ್ಕಿನ ಆಸರೆ ಮಾಡಿಕೊಟ್ಟಳು. ಕಡಲೆಕಾಳು ಒಂದೊಂದಾಗಿ ಎತ್ತಿ ಡಬ್ಬಿಗೆ ಹಾಕಿಸಿದಳು. ನಾನೇನು ಕೋಳಿಯಾ ಎಂದು ಮುದುಕ ಎರಡನೆಯ ದಿನ ಡಬ್ಬಿಯನ್ನೇ ನೂಕಿದರು. ನೂಕಿದ್ದು ಬಲಗೈಯಲ್ಲಿ. ಇಬ್ಬರೂ ಸ್ವಲ್ಪ ಹೊತ್ತು ಆ ಕೈಯನ್ನೇ ನೋಡುತ್ತ ಕೂತರು. ನೆಲದ ಮೇಲೆ ಚೆಲ್ಲಿದ ಕಾಳನ್ನು ಹನಾದಿ ಆರಿಸಲಿಲ್ಲ, ಅವರಿಂದಲೇ ಹೆಕ್ಕಿಸಿದಳು.

ಇಲ್ಲಿ ಒಂದು ಗಂಟೆ ದುಡಿದ ಕೈ ಮನೆಗೆ ಹೋದೊಡನೆ ಮತ್ತೆ ನವಾಬನಾಗುತ್ತಿತ್ತು. ಹನಾದಿ ಮಕ್ಕಳನ್ನು ಕರೆಸಿ, ಸಹಾಯ ಕಡಿಮೆ ಮಾಡಿ ಎಂದಳು. ಘಾಲಿಬ್ ಎದ್ದು ನಿಂತ.

"ಮೇಡಂ, ನಮ್ಮಪ್ಪ ಅಂಗಿ ಮೇಲೆ ಅನ್ನ ಚೆಲ್ಕೊಂಡು ಕೂತಿರೋದನ್ನ ಯಾರಾದ್ರೂ ನೋಡಿದ್ರೆ ಊರವರು ನಮ್ಮ ಮುಖಕ್ಕೆ ಉಗೀತಾರೆ. ಐದು ಜನ ಇದ್ದೂ ಮುದುಕನ್ನ ಅನಾಥ ಮಾಡಿದ್ರು ಅಂತಾರೆ."

"ಉಗಿಯೋದು ನಿಮ್ಮ ಮುಖಕ್ಕೆ ತಾನೇ, ಘಾಲಿಬ್ ಅವರೇ," ಅಂದಳು ಹನಾದಿ. "ಹೋಗ್ತಿರೋದು ಅವರ ಕೈ."

ಮಾತಿನಿಂದ ಕೆಲಸವಾಗಲಿಲ್ಲ. ಈ ದೇಶದಲ್ಲಿ ಮಾತಿಗಿಂತ ಮುದ್ರೆಗೆ ಬೆಲೆ ಹೆಚ್ಚು ಎಂಬುದು ಸರದಿಯಲ್ಲಿ ಆರು ವರ್ಷ ಕಾದ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆಸ್ಪತ್ರೆಯ ಕಾಗದದ ಮೇಲೆ, ಮಧ್ಯಾಹ್ನದ ಊಟದ ಹೊತ್ತು ಮತ್ತು ಸಂಜೆ ನಾಲ್ಕರಿಂದ ಆರು, ರೋಗಿಯ ಬಲಗೈ ಮಾಡಬಹುದಾದ ಕೆಲಸವನ್ನು ಬೇರೆ ಯಾರೇ ಮಾಡಿದರೂ ಚಿಕಿತ್ಸೆಗೆ ಅಡ್ಡಿಪಡಿಸಿದಂತೆ ಎಂದು ಬರೆದು, ಎರಡು ಕಡೆ ಗುಂಡಗಿನ ಮುದ್ರೆ ಒತ್ತಿ ಕೊಟ್ಟಳು. ಉಮ್ ಘಾಲಿಬ್ ಅದನ್ನು ಊಟದ ಕೋಣೆಯ ಗೋಡೆಗೆ ಅಂಟಿಸಿದರು. ಐದು ಮಕ್ಕಳೂ ಅದರ ಕೆಳಗೆ ಕೈ ಕಟ್ಟಿಕೊಂಡು ಕೂತು, ಅಪ್ಪ ಅರ್ಧ ಗಂಟೆ ಒಂದು ಆಲಿವ್ ಕಾಯಿಯ ಹಿಂದೆ ಬಿದ್ದಿರುವುದನ್ನು ನೋಡಿ ಹಲ್ಲು ಕಚ್ಚಿದರು. ಯಾರಾದರೂ ಮನೆಗೆ ಬಂದರೆ ಘಾಲಿಬ್ ಮೊದಲು ಆ ಕಾಗದ ತೋರಿಸಿ, ಆಮೇಲೆ ಕುಶಲ ಕೇಳುತ್ತಿದ್ದ.

ಐದನೆಯ ವಾರ ಖಾಲಿ ಬಟ್ಟಲು ಕೈಯಲ್ಲಿ ನಿಂತಿತು. ಆರನೆಯ ವಾರ ಬೆರಳು ಮತ್ತೆ ಗಂಟಾಗಿ ಮೂರು ದಿನ ಏನೂ ಆಗಲಿಲ್ಲ. ಮುದುಕ ಗೋಡೆಗೆ ಮುಖ ಮಾಡಿ ಮಲಗಿದರು, ಹನಾದಿ ಮನೆಗೆ ಹೋಗಿ ಗಂಡನ ಮೇಲೆ ರೇಗಿದಳು. ಏಳನೆಯ ವಾರ ನೀರು ತುಂಬಿದ ಬಟ್ಟಲು ತುಟಿ ಮುಟ್ಟಿತು. ಅಷ್ಟರಲ್ಲಿ ಒಂಬತ್ತು ಬಟ್ಟಲು ಒಡೆದಿದ್ದವು. ಕೊನೆಯ ವಾರ ಪ್ಲಾಸ್ಟಿಕ್ಕಿನ ಆಸರೆ ತೆಗೆದು ಬಿಸಿ ಕಾಫಿ ಹಾಕಿ ನೋಡಿದರು. ಐದು ಸಲಕ್ಕೆ ಮೂರು ಸಲ ಆಗುತ್ತಿತ್ತು, ಎರಡು ಸಲ ಬೀಳುತ್ತಿತ್ತು. ಹನಾದಿ ಇದನ್ನು ಮುಚ್ಚಿಡಲಿಲ್ಲ. ಮಂತ್ರಿ ಮುಂದಾಳಾದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ, ಆದರೆ ಮುಂದಾಳಿನ ಕೈಯಿಂದ ಬಟ್ಟಲು ಬಿದ್ದರೆ ಊರು ಮರೆಯುವುದಿಲ್ಲ ಎಂದೂ ಹೇಳಿದಳು.

"ನಾನು ಮಾಡಿಸಿದ ರಾಜಿಗಳಲ್ಲೂ ಐದಕ್ಕೆ ಎರಡು ಮುರಿದುಬಿದ್ದಿದಾವೆ," ಅಂದರು ಅಬೂ ಘಾಲಿಬ್. "ಹಾಗಂತ ನಾನು ಮನೇಲಿ ಕೂತಿದ್ನಾ?"

ಶುಕ್ರವಾರ ನಮಾಜಾದ ಮೇಲೆ ಜಾಹಾ ಹೊರಟಿತು. ಮಂತ್ರಿಯ ಕಾರು ಮುಂದೆ, ಅಪ್ಪನದು ಹಿಂದೆ. ಉಮ್ ಘಾಲಿಬ್ ಹಟ ಹಿಡಿದು ಹನಾದಿಯನ್ನೂ ಕರೆದುಕೊಂಡು ಹೋದರು. ಗಂಡಸರು ದೊಡ್ಡ ಕೋಣೆಯಲ್ಲಿ, ಹೆಂಗಸರು ಪಕ್ಕದ ಕೋಣೆಯಲ್ಲಿ. ನಡುವೆ ಒಂದು ಬಾಗಿಲು, ಅದರಲ್ಲಿ ಎರಡು ಬೆರಳು ಸಂದಿ. ಸಂದಿಗೆ ಕಣ್ಣಿಡುವ ಹಕ್ಕು ಹುಡುಗನ ತಾಯಿಯದು. ಹನಾದಿ ಪಕ್ಕದಲ್ಲಿ ಕೂತಳು. ಅವಳ ಇನ್ನೊಂದು ಪಕ್ಕ ಹುಡುಗಿಯ ಚಿಕ್ಕಮ್ಮ ಬಂದು ಕೂತರು. ಅವರ ಮಗಳಿಗೆ ತೌಜೀಹಿಯಲ್ಲಿ ಎಂಬತ್ತೆರಡು ಬಂದಿದೆಯಂತೆ, ಎಲ್ಲಿ ಸೇರಿಸುವುದೆಂದು ತಲೆ ಕೆಟ್ಟಿದೆಯಂತೆ. ನೀನು ಆಸ್ಪತ್ರೆಯವಳಲ್ಲವೇ, ನಿನ್ನದಕ್ಕೆ ಸೇರಲು ಏನು ಮಾಡಬೇಕು, ಅದು ಮಸಾಜೇ ತಾನೇ ಎಂದು ಕೇಳುತ್ತ ಹೋದರು.

"ಕಾಫಿಯವನು ಬಂದ," ಅಂದರು ಉಮ್ ಘಾಲಿಬ್ ಮೆಲ್ಲಗೆ. "ಸೀದಾ ಮಂತ್ರಿ ಹತ್ರ ಹೋಗ್ತಿದಾನೆ." ಸ್ವಲ್ಪ ತಡೆದು, "ಅಯ್ಯೋ, ಇವರು ಕೈ ಚಾಚಿದಾರೆ."

"ಯಾವ ಕೈ?"

"ಇನ್ಯಾವುದು."

ಜಾಹಾದಲ್ಲಿ ಹಿರಿಯನೊಬ್ಬ ಬಲಗೈ ಚಾಚಿದರೆ ಅದನ್ನು ದಾಟಿ ಮುಂದೆ ಹೋಗುವ ಕಾಫಿಯವನು ಆ ಸೀಮೆಯಲ್ಲಿ ಹುಟ್ಟಿಲ್ಲ. ಅವನು ನಿಂತ. ಮಂತ್ರಿಯ ಕೈ ಅರ್ಧ ಎದ್ದದ್ದು ಮೆತ್ತಗೆ ಮೊಣಕಾಲಿಗೆ ವಾಪಸಾಯಿತು. ಇಷ್ಟನ್ನು ಪಿಸುಮಾತಲ್ಲಿ ಹೇಳಿದ ಉಮ್ ಘಾಲಿಬ್‌ಗೆ ಮುಂದೆ ನೋಡಲಾಗಲಿಲ್ಲ. ಬಾಗಿಲಿಗೆ ಹಣೆ ಒತ್ತಿ ಕಣ್ಣು ಮುಚ್ಚಿಕೊಂಡರು. ಇನ್ನು ಉಳಿದದ್ದು ಕಿವಿ ಮಾತ್ರ.

ಚಿಕ್ಕಮ್ಮ ಇನ್ನೂ ಕೇಳುತ್ತಲೇ ಇದ್ದರು. ಹನಾದಿ ಅವರ ಮಣಿಕಟ್ಟು ಹಿಡಿದು, ಸ್ವಲ್ಪ ಸುಮ್ಮನಿರಿ ಎಂದಳು. ಬೆರಳು ಬಿಚ್ಚಬೇಕು. ಬಿಚ್ಚಿದವಾ? ಹೆಬ್ಬೆರಳು ಎದುರಿಗೆ ಬರಬೇಕು. ಮುಚ್ಚಬೇಕು, ಅವಸರ ಮಾಡಬಾರದು. ಭುಜ ಮೇಲೆ ಹೋಗಬಾರದು, ಹೋದರೆ ಕೈ ಮಡಚುತ್ತದೆ. ಆ ಮನೆಯ ಮೇಜು ಗಾಜಿನದು. ಅಲ್ಲಿ ಬಿದ್ದ ಬಟ್ಟಲಿನ ಸದ್ದು ಬೀದಿಗೆ ಕೇಳಿಸುತ್ತದೆ. ಗಾಜಿಗೆ ಪಿಂಗಾಣಿ ತಾಕಿದ ಸಣ್ಣ ಟಕ್ ಎಂಬ ಸದ್ದು ಬಂತು, ಅಷ್ಟೆ. ಆಮೇಲೆ ಅಬೂ ಘಾಲಿಬರ ದನಿ, ನಿಧಾನವಾಗಿ, ಮಗನ ಹೆಸರನ್ನು ಯಾವ ಚೀಟಿಯೂ ಇಲ್ಲದೆ ಹೇಳಿತು. ಹುಡುಗಿಯ ದೊಡ್ಡಪ್ಪ, ಕೊಟ್ಟೆವು, ಕಾಫಿ ಕುಡಿಯಿರಿ ಎಂದರು. ಬಟ್ಟಲು ಈಗ ತುಟಿಯ ತನಕ ಹೋಗಬೇಕು. ಕೊನೆಗೆ ಅದೇ ಸಣ್ಣ ಟಕ್ ಸದ್ದು ಮತ್ತೆ ಬಂತು.

ಹಿಂದಿನ ಅಂಗಳದಿಂದ, ಹೆಂಗಸರು ಸಂತೋಷಕ್ಕೆ ನಾಲಿಗೆ ಹೊರಳಿಸಿ ಕೂಗುವ ದನಿ ಎದ್ದಿತು. ಉಮ್ ಘಾಲಿಬ್ ಕಣ್ಣು ತೆರೆದು ಮತ್ತೆ ಸಂದಿಗೆ ಮುಖ ಇಟ್ಟರು. ಹನಾದಿಗೆ ಅಳು ಬಂತು. ಮುಚ್ಚಿಡಲು ಪ್ರಯತ್ನಿಸಲಿಲ್ಲ, ತಲೆವಸ್ತ್ರದ ಅಂಚಿನಿಂದ ಕಣ್ಣು ಒರೆಸಿಕೊಂಡಳು. ಇಷ್ಟು ವರ್ಷದಲ್ಲಿ ತನ್ನ ಕಸುಬಿನ ಬಗ್ಗೆ ಅವಳಿಗೆ ಇಷ್ಟು ಸಂತೋಷ ಎಂದೂ ಆಗಿರಲಿಲ್ಲ.

ಆಚೆ ಕೋಣೆಯಲ್ಲಿ ಯಾರೂ ಏನನ್ನೂ ಗಮನಿಸಿರಲಿಲ್ಲ. ಒಬ್ಬ ಮುದುಕ ಕಾಫಿ ಕುಡಿದಿದ್ದ, ಅದರಲ್ಲಿ ಗಮನಿಸುವುದೇನಿದೆ? ಶುಭಾಶಯದ ಗದ್ದಲದ ನಡುವೆ ಘಾಲಿಬನ ದನಿ ಮಾತ್ರ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಅಪ್ಪ ಕಾಯಿಲೆ ಬಿದ್ದ ದಿನದಿಂದ ನಾವು ಐದು ಜನ ಅವರಿಗೆ ಒಂದು ಬೆರಳೂ ಎತ್ತಲು ಬಿಟ್ಟಿಲ್ಲ, ಅದರ ಫಲ ಇದು ಎಂದು ಅವನು ಮಂತ್ರಿಗೆ ವಿವರಿಸುತ್ತಿದ್ದ.

"ಈಗಾದ್ರೂ ಹೇಳಮ್ಮಾ," ಎಂದರು ಚಿಕ್ಕಮ್ಮ, ಮಣಿಕಟ್ಟು ಉಜ್ಜಿಕೊಳ್ಳುತ್ತ. "ನೀನು ಮಾಡೋ ಕೆಲಸ ಏನು?"

"ಈಗ ಅಲ್ಲಿ ಒಬ್ರು ಕಾಫಿ ಕುಡಿದ್ರಲ್ಲ, ಅದು."

"ಅದಕ್ಕೆ ನಾಲ್ಕು ವರ್ಷ ಓದಬೇಕಾ?"

"ನಾಲ್ಕು ವರ್ಷ ಓದಬೇಕು. ಆಮೇಲೆ ಎಂಟು ವಾರ."

ಚಿಕ್ಕಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದರು. ಕಣ್ಣು ಇನ್ನೂ ಒದ್ದೆ ಇದ್ದದ್ದು ಕಂಡು ಮನಸ್ಸು ಕರಗಿ, ಅವಳ ತಟ್ಟೆಗೆ ಇನ್ನೊಂದು ತುಂಡು ಸಿಹಿ ಹಾಕಿದರು. ಆಮೇಲೆ ಆಚೆ ಪಕ್ಕದವರ ಕಡೆ ತಿರುಗಿ, ಏನಾದರೂ ಆಗಲಿ, ಮಗಳನ್ನು ಫಾರ್ಮಸಿಗೇ ಸೇರಿಸುತ್ತೇನೆ ಎಂದು ಹೇಳಿದರು.